ಗಂಟಲು ನೋವಿನಿಂದ ಗುಂಡಿಗೆಯವರೆಗೆ: ಗಡಿಭಾಗದ ಕನ್ನಡ ಪೋಷಕರು ತಿಳಿದಿರಬೇಕಾದ ಹೃದ್ರೋಗಗಳು

ಸಿ. ಬೆಳಗಲ್, ಎಮ್ಮಿಗನೂರು, ಮಂತ್ರಾಲಯ, ಕೌತಾಳಂ, ಆದೋನಿ ಭಾಗದ ಮನೆಗಳಲ್ಲಿ ಹೃದ್ರೋಗವೆಂದರೆ ವಯಸ್ಸಾದವರಿಗೆ, ಅದರಲ್ಲೂ ಪಟ್ಟಣದವರಿಗೆ ಬರುವ ಕಾಯಿಲೆ ಎಂಬ ನಂಬಿಕೆ ಇಂದಿಗೂ ಇದೆ. ಈ ನಂಬಿಕೆ ಅರ್ಧ ಮಾತ್ರ ಸರಿ. ರಕ್ತನಾಳ ಕಟ್ಟಿಕೊಂಡು ಬರುವ ಹೃದಯಾಘಾತ ಬಹುಪಾಲು ನಡುವಯಸ್ಸಿನ ನಂತರದ್ದು. ಆದರೆ ಹೃದಯದ ಕವಾಟಗಳನ್ನು ಕೆಡಿಸುವ ಒಂದು ರೋಗ 5ರಿಂದ 15 ವರ್ಷದ ಮಕ್ಕಳನ್ನೇ ಹುಡುಕಿಕೊಂಡು ಬರುತ್ತದೆ. ಅದು ಆರಂಭವಾಗುವುದು ಎದೆಯಲ್ಲಲ್ಲ, ಗಂಟಲಿನಲ್ಲಿ. ಹುಟ್ಟಿನಿಂದಲೇ ಬರುವ ಹೃದಯದೋಷಗಳು ಬೇರೆ. ಶಾಲೆಗೆ ಮಕ್ಕಳನ್ನು ಕಳುಹಿಸುವ ಕುಟುಂಬಗಳಿಗಾಗಿ ಈ ಲೇಖನವನ್ನು ಬರೆಯುತ್ತಿರುವುದರಿಂದ ಮಕ್ಕಳ ಹೃದಯದ ವಿಷಯಕ್ಕೆ ಹೆಚ್ಚು ಸ್ಥಳವನ್ನು ಕೊಟ್ಟಿದ್ದೇವೆ. ಹಿರಿಯರ ಹೃದಯಾಘಾತದ ಬಗ್ಗೆ ಅಗತ್ಯವಿದ್ದಷ್ಟನ್ನು ನಂತರ ಹೇಳುತ್ತೇವೆ.

ಹೃದಯದ ಕೆಲಸವೇನು

ಹೃದಯವು ಅವರವರ ಮುಷ್ಟಿಯಷ್ಟು ಗಾತ್ರದ ಸ್ನಾಯು. ದೊಡ್ಡವರಲ್ಲಿ ವಿಶ್ರಾಂತಿಯ ವೇಳೆ ನಿಮಿಷಕ್ಕೆ ಸುಮಾರು 70 ಬಾರಿ, ದಿನಕ್ಕೆ ಸುಮಾರು 1 ಲಕ್ಷ ಬಾರಿ ಬಡಿಯುತ್ತದೆ. ಪ್ರತಿ ಬಡಿತಕ್ಕೆ ಸುಮಾರು 70 ಮಿಲಿಲೀಟರ್, ಎಂದರೆ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹೊರಕ್ಕೆ ತಳ್ಳುತ್ತದೆ. ಮಕ್ಕಳಲ್ಲಿ ಬಡಿತ ಇನ್ನೂ ವೇಗವಾಗಿರುತ್ತದೆ, ಅದು ರೋಗವಲ್ಲ. ಒಳಗೆ ನಾಲ್ಕು ಕೋಣೆಗಳು: ಮೇಲೆ ಎರಡು ಹೃತ್ಕರ್ಣ, ಕೆಳಗೆ ಎರಡು ಹೃತ್ಕುಕ್ಷಿ. ಬಲಭಾಗವು ಮೈಯಿಂದ ಮರಳಿದ ಮಲಿನ ರಕ್ತವನ್ನು ಶ್ವಾಸಕೋಶಕ್ಕೆ ಕಳುಹಿಸುತ್ತದೆ. ಎಡಭಾಗವು ಅಲ್ಲಿಂದ ಶುದ್ಧವಾಗಿ ಬಂದ ರಕ್ತವನ್ನು ಇಡೀ ಮೈಗೆ ಕಳುಹಿಸುತ್ತದೆ. ರಕ್ತ ಹಿಂದಕ್ಕೆ ಹರಿಯದಂತೆ ತಡೆಯಲು ನಾಲ್ಕು ಕವಾಟಗಳಿವೆ. ತುಂಗಭದ್ರೆಯ ಕಾಲುವೆಯ ತೂಬನ್ನು ಕಂಡವರಿಗೆ ಕವಾಟವನ್ನು ವಿವರಿಸಬೇಕಾಗಿಲ್ಲ. ತೂಬು ಸರಿಯಾಗಿ ತೆರೆಯದಿದ್ದರೆ ಮೇಲ್ಗಡೆ ನೀರು ನಿಂತು ಒತ್ತುತ್ತದೆ, ಸರಿಯಾಗಿ ಮುಚ್ಚದಿದ್ದರೆ ಸೋರುತ್ತದೆ. ಕವಾಟದ ರೋಗಗಳೂ ಈ ಎರಡೇ ಬಗೆಯವು: ಕಿರಿದಾಗುವುದು ಮತ್ತು ಸೋರುವುದು.

ಆದ್ದರಿಂದ ಹೃದಯದ ಯಾವುದೇ ರೋಗವನ್ನು ತಿಳಿಯಬೇಕಾದರೆ ಕೇಳಬೇಕಾದ ಪ್ರಶ್ನೆಗಳು ಕೆಲವೇ. ಕೆಟ್ಟಿರುವುದು ಸ್ನಾಯುವೇ, ಕವಾಟವೇ, ಗೋಡೆಯೇ, ಸ್ನಾಯುವಿಗೆ ಆಹಾರ ಕೊಡುವ ರಕ್ತನಾಳವೇ, ಬಡಿತವನ್ನು ಹೊರಡಿಸುವ ವಿದ್ಯುತ್ತಿನ ವ್ಯವಸ್ಥೆಯೇ? ಯಾವುದು ಕೆಟ್ಟರೂ ಕೊನೆಗೆ ಮೈಗೆ ಬೇಕಾದಷ್ಟು ರಕ್ತ ಮುಂದಕ್ಕೆ ಹೋಗುವುದಿಲ್ಲ, ಹಿಂದೆ ನಿಂತ ರಕ್ತ ಶ್ವಾಸಕೋಶದಲ್ಲಿ ಅಥವಾ ಕಾಲುಗಳಲ್ಲಿ ನೀರಾಗಿ ತುಂಬಿಕೊಳ್ಳುತ್ತದೆ. ಏದುಸಿರು ಮತ್ತು ಕಾಲುಬಾವು ಎಲ್ಲ ಹೃದ್ರೋಗಗಳಲ್ಲಿಯೂ ಮತ್ತೆ ಮತ್ತೆ ಕಾಣಿಸುವುದು ಇದೇ ಕಾರಣದಿಂದ.

ರುಮ್ಯಾಟಿಕ್ ಹೃದ್ರೋಗ

ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನ ಒಂದು ಗುಂಪು ಮಕ್ಕಳ ಗಂಟಲಿಗೆ ತಗಲುತ್ತದೆ. ಜ್ವರ, ನುಂಗುವಾಗ ನೋವು, ಕತ್ತಿನ ಗಂಟುಗಳ ಊತ. ಮೂರು ನಾಲ್ಕು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿ, ಅಂಗಡಿಯ ಒಂದು ಮಾತ್ರೆ ನುಂಗಿಸಿ, ಗುಣವಾಯಿತೆಂದು ನಾವು ಮಗುವನ್ನು ಶಾಲೆಗೆ ಕಳುಹಿಸುತ್ತೇವೆ. ಬಹುತೇಕ ಮಕ್ಕಳಲ್ಲಿ ಅದು ನಿಜವಾಗಿಯೂ ಅಲ್ಲಿಗೆ ಮುಗಿಯುತ್ತದೆ. ಕೆಲವು ಮಕ್ಕಳಲ್ಲಿ ಮುಗಿಯುವುದಿಲ್ಲ. ರೋಗಾಣುವಿನ ವಿರುದ್ಧ ಸಿದ್ಧವಾದ ದೇಹದ ರಕ್ಷಣಾಪಡೆ, ರೋಗಾಣುವನ್ನೇ ಹೋಲುವ ತನ್ನದೇ ಅಂಗಾಂಶಗಳ ಮೇಲೆ ತಿರುಗಿಬೀಳುತ್ತದೆ. ಎರಡು ಮೂರು ವಾರಗಳ ನಂತರ ಮತ್ತೆ ಜ್ವರ ಬರುತ್ತದೆ. ಈ ಬಾರಿ ಮೊಣಕಾಲು ಊದಿ ನೋಯುತ್ತದೆ. ಅದು ಇಳಿಯುವಷ್ಟರಲ್ಲಿ ಹಿಮ್ಮಡಿಯ ಕೀಲು, ಆಮೇಲೆ ಮೊಣಕೈ. ಇದೇ ರುಮ್ಯಾಟಿಕ್ ಜ್ವರ. ಕೀಲುನೋವು ನೋವಿನ ಮಾತ್ರೆಗೆ ಬೇಗ ಇಳಿಯುತ್ತದೆ ಮತ್ತು ಕೀಲಿಗೆ ಶಾಶ್ವತ ಹಾನಿಯನ್ನು ಮಾಡುವುದಿಲ್ಲ. ಹಾನಿಯಾಗುವುದು ಹೃದಯದ ಕವಾಟಗಳಿಗೆ, ಅದು ಆ ಹೊತ್ತಿನಲ್ಲಿ ಕಣ್ಣಿಗೆ ಕಾಣುವುದಿಲ್ಲ.

ಶಿಕ್ಷಕರು ಗಮನಿಸಬಹುದಾದ ಇನ್ನೊಂದು ಲಕ್ಷಣವಿದೆ. ಕೆಲವು ಮಕ್ಕಳಲ್ಲಿ ಗಂಟಲುನೋವು ಬಂದುಹೋದ ಕೆಲವು ತಿಂಗಳುಗಳ ನಂತರ ಕೈಕಾಲುಗಳು ತಮ್ಮಷ್ಟಕ್ಕೆ ತಾವೇ ಅದುರತೊಡಗುತ್ತವೆ. ಅಲ್ಲಿಯವರೆಗೆ ದುಂಡಗೆ ಬರೆಯುತ್ತಿದ್ದ ಮಗುವಿನ ಕೈಬರಹ ಒಮ್ಮೆಗೇ ಕೆಡುತ್ತದೆ, ಮಧ್ಯಾಹ್ನದ ಊಟದ ತಟ್ಟೆ ಕೈಜಾರುತ್ತದೆ, ಮಗು ಸಣ್ಣ ಮಾತಿಗೆ ಅಳುತ್ತದೆ. ಇದನ್ನು ಚೇಷ್ಟೆಯೆಂದು ದಂಡಿಸುವವರೂ ಇದ್ದಾರೆ, ಗಾಳಿಯೆಂದು ತಾಯಿತ ಕಟ್ಟಿಸುವವರೂ ಇದ್ದಾರೆ. ಅದೂ ರುಮ್ಯಾಟಿಕ್ ಜ್ವರದ ಒಂದು ರೂಪವೇ.

ಹೆಚ್ಚಾಗಿ ಕೆಡುವುದು ಎಡ ಹೃತ್ಕರ್ಣ ಮತ್ತು ಎಡ ಹೃತ್ಕುಕ್ಷಿಗಳ ನಡುವಿನ ಮೈಟ್ರಲ್ ಕವಾಟ. ಆರೋಗ್ಯವಂತ ವಯಸ್ಕರಲ್ಲಿ ಅದರ ಬಾಯಿ 4ರಿಂದ 6 ಚದರ ಸೆಂಟಿಮೀಟರ್ ಇರುತ್ತದೆ. ರೋಗ ಮರುಕಳಿಸಿದಂತೆಲ್ಲ ಕವಾಟದ ಎಸಳುಗಳು ದಪ್ಪಗಾಗಿ ಅಂಚುಗಳು ಅಂಟಿಕೊಳ್ಳುತ್ತವೆ. ಬಾಯಿ 1.5 ಚದರ ಸೆಂಟಿಮೀಟರಿಗಿಂತ ಕಿರಿದಾದಾಗ ತೀವ್ರ ರೋಗವೆನ್ನುತ್ತಾರೆ. ರಕ್ತ ಎಡ ಹೃತ್ಕರ್ಣದಲ್ಲಿ ನಿಂತು, ಒತ್ತಡ ಹಿಂದಕ್ಕೆ ಶ್ವಾಸಕೋಶದವರೆಗೂ ಹೋಗುತ್ತದೆ. ಮೊದಮೊದಲು ಓಡಿದಾಗ ಮಾತ್ರ ಏದುಸಿರು, ನಂತರ ನೀರಿನ ಕೊಡ ಹೊತ್ತಾಗ, ಕೊನೆಗೆ ಅಂಗಾತ ಮಲಗಿದಾಗಲೂ ಏದುಸಿರು. ಹಿಗ್ಗಿದ ಹೃತ್ಕರ್ಣ ಲಯ ತಪ್ಪಿ ಅದುರತೊಡಗಿದರೆ ಒಳಗೆ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮಿದುಳಿಗೆ ಹೋದರೆ ಇಪ್ಪತ್ತೈದು ಮೂವತ್ತರ ಪ್ರಾಯದಲ್ಲಿಯೇ ಪಾರ್ಶ್ವವಾಯು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಅಪಾಯವಿದೆ. ಗರ್ಭಿಣಿಯ ಮೈಯಲ್ಲಿ ರಕ್ತದ ಪ್ರಮಾಣ ಶೇ. 40ರಿಂದ 50ರಷ್ಟು ಏರುತ್ತದೆ. ಕಿರಿದಾದ ಕವಾಟಕ್ಕೆ ಆ ಹರಿವನ್ನು ದಾಟಿಸಲಾಗುವುದಿಲ್ಲ. ಅಲ್ಲಿಯವರೆಗೆ ಏನೂ ಗೊತ್ತಿಲ್ಲದೆ ಹೊಲದ ಕೆಲಸ ಮಾಡಿಕೊಂಡಿದ್ದವಳ ರೋಗ ಹಲವು ಬಾರಿ ಮೊದಲು ಬಯಲಾಗುವುದು ಆರೇಳು ತಿಂಗಳಾದಾಗ ಅಥವಾ ಹೆರಿಗೆಯ ಮಂಚದ ಮೇಲೆ. ಶಾಲೆ ಬಿಡಿಸಿ ಬೇಗ ಮದುವೆ ಮಾಡುವ ನಮ್ಮ ಊರುಗಳಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಈ ರೋಗವನ್ನು ತಡೆಯುವ ಔಷಧ ಹಳೆಯದು, ಅಗ್ಗದ್ದು: ಪೆನಿಸಿಲಿನ್. ಗಂಟಲುನೋವು ಆರಂಭವಾಗಿ 9 ದಿನಗಳೊಳಗೆ ವೈದ್ಯರು ಸೂಚಿಸಿದ ಪ್ರತಿಜೀವಕವನ್ನು ಕೊಟ್ಟರೂ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ಬಾಯಿಂದ ಕೊಡುವ ಪೆನಿಸಿಲಿನ್ ಆದರೆ 10 ದಿನ ಪೂರ್ತಿ ಕೊಡಬೇಕು. ಮೂರನೆಯ ದಿನ ಮಗು ಆಟಕ್ಕೆ ಹೋಯಿತೆಂದು ನಿಲ್ಲಿಸಬಾರದು. ಒಮ್ಮೆ ರುಮ್ಯಾಟಿಕ್ ಜ್ವರ ಬಂದ ಮಗುವಿಗೆ ಅದು ಮತ್ತೆ ಬರುವ ಸಂಭವ ಹೆಚ್ಚು, ಪ್ರತಿ ಬಾರಿಯೂ ಕವಾಟ ಇನ್ನಷ್ಟು ಕೆಡುತ್ತದೆ. ಅದಕ್ಕಾಗಿ ಬೆಂಜತೀನ್ ಪೆನಿಸಿಲಿನ್ ಸೂಜಿಯನ್ನು 21 ಅಥವಾ 28 ದಿನಗಳಿಗೊಮ್ಮೆ, ವರ್ಷಗಟ್ಟಲೆ ಕೊಡುತ್ತಾರೆ. ಹೃದಯಕ್ಕೆ ತಗಲದಿದ್ದರೆ ಕನಿಷ್ಠ 5 ವರ್ಷ ಅಥವಾ 21ರ ವಯಸ್ಸಿನವರೆಗೆ, ಇವೆರಡರಲ್ಲಿ ಯಾವುದು ದೀರ್ಘವೋ ಅದು. ಕವಾಟ ಕೆಟ್ಟಿದ್ದರೆ 40ರವರೆಗೆ, ಕೆಲವರಿಗೆ ಜೀವನಪೂರ್ತಿ. ಸೂಜಿ ನೋಯುತ್ತದೆ, ಎರಡು ದಿನ ಕುಂಟುವಂತಾಗುತ್ತದೆ, ಮಗು ಅಳುತ್ತದೆ. ಕಾಯಿಲೆಯೇ ಕಾಣದ ಮಗುವಿಗೆ ಇಷ್ಟು ನೋವೇಕೆಂದು ಅಜ್ಜಿ ಕೇಳುತ್ತಾಳೆ. ಸೂಜಿ ತಪ್ಪುವುದು ಹೆಚ್ಚಾಗಿ ಹೀಗೆಯೇ. ಪೆನಿಸಿಲಿನ್ ಕೆಲವರಿಗೆ ಒಗ್ಗುವುದಿಲ್ಲ, ಆದ್ದರಿಂದ ವೈದ್ಯರಿರುವ ಆಸ್ಪತ್ರೆಯಲ್ಲಿಯೇ ಹಾಕಿಸಿಕೊಳ್ಳಬೇಕು.

ಕವಾಟ ಕಿರಿದಾದ ಮೇಲೂ ದಾರಿ ಮುಚ್ಚುವುದಿಲ್ಲ. ತೊಡೆಯ ರಕ್ತನಾಳದ ಮೂಲಕ ಬಲೂನನ್ನು ಕಳುಹಿಸಿ, ಅಂಟಿಕೊಂಡ ಎಸಳುಗಳನ್ನು ಬಿಡಿಸುವ ವಿಧಾನವನ್ನು ಜಪಾನಿನ ವೈದ್ಯ ಇನೋಯೆ 1984ರಲ್ಲಿ ಪ್ರಕಟಿಸಿದರು. ಎದೆ ಕೊಯ್ಯದೆ ನಡೆಯುವ ಈ ಚಿಕಿತ್ಸೆ ಈಗ ನಮ್ಮ ದೇಶದ ದೊಡ್ಡ ಆಸ್ಪತ್ರೆಗಳಲ್ಲಿ ಸಾಮಾನ್ಯ. ಕವಾಟ ಪೂರ್ಣ ಕೆಟ್ಟಿದ್ದರೆ ಕೃತಕ ಕವಾಟ ಜೋಡಿಸುತ್ತಾರೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ರೂಪುಗೊಂಡ ಭಾರತದ್ದೇ ಕವಾಟವನ್ನು 1990ರಲ್ಲಿ ಮೊದಲ ಬಾರಿಗೆ ರೋಗಿಗೆ ಅಳವಡಿಸಲಾಯಿತು. ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದ ಮಾತ್ರೆಯನ್ನು ಜೀವನವಿಡೀ ಸೇವಿಸಬೇಕು, ರಕ್ತಪರೀಕ್ಷೆ ಮಾಡಿಸುತ್ತಿರಬೇಕು. ಅಂಗಡಿಯ ನೋವಿನ ಮಾತ್ರೆಯನ್ನು ಕೇಳದೆ ನುಂಗಬಾರದು.

ಹುಟ್ಟಿನಿಂದ ಬರುವ ದೋಷಗಳು

ಜೀವಂತವಾಗಿ ಹುಟ್ಟುವ 1000 ಮಕ್ಕಳಲ್ಲಿ ಸುಮಾರು 8ರಿಂದ 9 ಮಕ್ಕಳಿಗೆ ಹೃದಯದ ರಚನೆಯಲ್ಲಿ ಏನಾದರೊಂದು ದೋಷವಿರುತ್ತದೆ. 'ಹೃದಯದಲ್ಲಿ ತೂತು' ಎಂಬ ಮಾತು ಕೇಳಿದೊಡನೆ ಮನೆಯಲ್ಲಿ ಅಳು ಆರಂಭವಾಗುತ್ತದೆ, ಆದರೆ ಎಲ್ಲ ತೂತುಗಳೂ ಒಂದೇ ಅಲ್ಲ. ಕೆಳಕೋಣೆಗಳ ನಡುವಣ ಸಣ್ಣ ತೂತು ಎಷ್ಟೋ ಮಕ್ಕಳಲ್ಲಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ದೊಡ್ಡದಿದ್ದರೆ ಶುದ್ಧ ರಕ್ತ ಮತ್ತೆ ಶ್ವಾಸಕೋಶಕ್ಕೇ ನುಗ್ಗುತ್ತದೆ. ಕೂಸು ಹಾಲು ಕುಡಿಯುವಾಗ ಬೆವರುತ್ತದೆ, ನಡುನಡುವೆ ಬಿಟ್ಟು ಉಸಿರಾಡುತ್ತದೆ, ತೂಕ ಏರುವುದಿಲ್ಲ, ಪದೇ ಪದೇ ನ್ಯುಮೋನಿಯಾ ಬರುತ್ತದೆ. ಇಂಥ ತೂತನ್ನು ಸಕಾಲದಲ್ಲಿ ಮುಚ್ಚಿಸದಿದ್ದರೆ ಶ್ವಾಸಕೋಶದ ರಕ್ತನಾಳಗಳು ಗಡುಸಾಗಿ, ಮುಂದೊಂದು ದಿನ ಶಸ್ತ್ರಚಿಕಿತ್ಸೆಯೇ ಸಾಧ್ಯವಾಗದ ಸ್ಥಿತಿ ಬರುತ್ತದೆ. 'ದೊಡ್ಡವನಾಗಲಿ, ಆಮೇಲೆ ನೋಡೋಣ' ಎಂಬ ಮಾತು ಇಲ್ಲಿ ಅಪಾಯಕಾರಿ. ಮೇಲಿನ ಕೋಣೆಗಳ ನಡುವಣ ತೂತು ಮೆಲ್ಲನೆಯದು. ಎಷ್ಟೋ ಬಾರಿ ಪ್ರೌಢಶಾಲೆಗೆ ಬರುವವರೆಗೂ ಗೊತ್ತಾಗುವುದೇ ಇಲ್ಲ.

ಅಳುವಾಗ ತುಟಿ ಉಗುರುಗಳು ನೀಲಿಯಾಗುವ ಮಕ್ಕಳದು ಬೇರೆ ಬಗೆ. ಅಲ್ಲಿ ಮಲಿನ ರಕ್ತ ಶುದ್ಧವಾಗದೆಯೇ ಮೈಗೆ ಸೇರುತ್ತಿರುತ್ತದೆ. ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಕುಕ್ಕರುಗಾಲಿನಲ್ಲಿ ಕೂತು ಸುಧಾರಿಸಿಕೊಂಡರೆ ಅದನ್ನು ಆಟವೆಂದು ತಿಳಿಯಬಾರದು.

ಗರ್ಭಿಣಿಗೆ ರುಬೆಲ್ಲಾ ತಗಲುವುದು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇಂಥ ದೋಷಗಳಿಗೆ ತಿಳಿದಿರುವ ಕಾರಣಗಳು. ಸೋದರಮಾವ, ಅತ್ತೆಯ ಮಗ ಎಂದು ರಕ್ತಸಂಬಂಧದಲ್ಲಿಯೇ ಕೊಟ್ಟು ತರುವ ಮನೆಗಳಲ್ಲಿ ಅಪಾಯ ಸ್ವಲ್ಪ ಹೆಚ್ಚು. ಇದನ್ನು ಸಭೆಗಳಲ್ಲಿ ಹೇಳಿದಾಗ ಕೆಲವು ಹಿರಿಯರು ನಮ್ಮ ಮೇಲೆ ಮುನಿಸಿಕೊಂಡಿದ್ದಾರೆ. ಬಹುಪಾಲು ದೋಷಗಳಿಗೆ ಇಂಥದೇ ಎಂದು ಬೊಟ್ಟು ಮಾಡಬಹುದಾದ ಕಾರಣವಿರುವುದಿಲ್ಲ. ಸೊಸೆಯನ್ನು ದೂರುವುದಕ್ಕಂತೂ ಯಾವ ಆಧಾರವೂ ಇಲ್ಲ.

'ಆಯಾಸ' ಎಂಬ ಒಂದು ಮಾತು

ಭಾಷಾ ಅಲ್ಪಸಂಖ್ಯಾತರಾದ ನಮಗೆ ರೋಗದೊಂದಿಗೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮ ಏಳನೆಯ ತರಗತಿಯ ಒಬ್ಬ ಬಾಲಕಿ ಬೆಳಗಿನ ಕವಾಯತಿನ ನಡುವೆ ಕೂತುಬಿಡುತ್ತಿದ್ದಳು. ಸೋಮಾರಿಯೆಂದು ಗದರಿದವರಲ್ಲಿ ನಾವೂ ಇದ್ದೆವು. ತಾಯಿ ಅವಳನ್ನು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಅಲ್ಲಿನ ವೈದ್ಯರು ತೆಲುಗಿನಲ್ಲಿ 'ಆಯಾಸಂ' ಇದೆಯೇ ಎಂದು ಕೇಳಿದರು. ತೆಲುಗಿನಲ್ಲಿ ಆ ಮಾತಿಗೆ ಏದುಸಿರು ಎಂದರ್ಥ. ಕನ್ನಡದ ತಾಯಿ ಅದನ್ನು ದಣಿವು ಎಂದು ತಿಳಿದು, ಮಗಳೇನು ಹೊಲಕ್ಕೆ ಹೋಗುವುದಿಲ್ಲವಲ್ಲ ಎಂದುಕೊಂಡು 'ಇಲ್ಲ' ಎಂದಳು. ಚೀಟಿಯಲ್ಲಿ ಏದುಸಿರು ಇಲ್ಲವೆಂದೇ ದಾಖಲಾಯಿತು, ರಕ್ತಹೀನತೆಯ ಮಾತ್ರೆಗಳು ಬಂದವು. ಮೈಟ್ರಲ್ ಕವಾಟ ಕಿರಿದಾಗಿದೆಯೆಂದು ಗೊತ್ತಾದದ್ದು ಒಂದು ವರ್ಷದ ನಂತರ, ಬೇರೆ ಕಡೆ ಎಕೋ ಪರೀಕ್ಷೆ ಮಾಡಿಸಿದಾಗ. ತಪ್ಪು ಯಾರದೆಂದು ಹುಡುಕುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಒಂದೇ ಮಾತು ಎರಡು ಭಾಷೆಗಳಲ್ಲಿ ಎರಡು ಅರ್ಥ ಕೊಟ್ಟರೆ ಒಂದು ಮಗುವಿನ ಒಂದು ವರ್ಷ ಹೋಗಬಹುದೆಂದು ತಿಳಿಸುವುದಕ್ಕಾಗಿ ಬರೆಯುತ್ತಿದ್ದೇವೆ.

ಆದ್ದರಿಂದ ಕೆಲವು ಮಾತುಗಳನ್ನು ಮನೆಯವರೆಲ್ಲ ತಿಳಿದಿರುವುದು ಒಳ್ಳೆಯದು. ನಮ್ಮ ಗುಂಡಿಗೆಗೆ ತೆಲುಗಿನವರು ಗುಂಡೆ ಎನ್ನುತ್ತಾರೆ, ಇದು ಸುಲಭ. 'ಗುಂಡೆ ದಡ' ಎಂದರೆ ಎದೆ ಡವಗುಟ್ಟುವುದು. ನದಿಯ ದಡಕ್ಕೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಬಾವು ಅಲ್ಲಿ ವಾಪು, ನೋವು ನೊಪ್ಪಿ. ಕವಾಟ ಎರಡೂ ಕಡೆ ಕವಾಟವೇ. ನಮ್ಮ ಮಕ್ಕಳು ಪಠ್ಯದಲ್ಲಿ ಓದುವ ಹೃತ್ಕುಕ್ಷಿಗೆ ತೆಲುಗಿನಲ್ಲಿ ಜಠರಿಕ ಎಂಬ ಹೆಸರು. ಅದನ್ನು ಕೇಳಿ ಹೊಟ್ಟೆಯ ರೋಗವೆಂದು ತಿಳಿದು ಮನೆಗೆ ಹೋದವರನ್ನೂ ಕಂಡಿದ್ದೇವೆ. ಒಂದು ಪದವನ್ನೇ ನಂಬದೆ ಲಕ್ಷಣವನ್ನು ಬಿಡಿಸಿ ಹೇಳಬೇಕು: ಎಷ್ಟು ದೂರ ನಡೆದರೆ ಉಸಿರು ಕಟ್ಟುತ್ತದೆ, ರಾತ್ರಿ ಎಷ್ಟು ದಿಂಬು ಬೇಕಾಗುತ್ತದೆ, ಯಾವ ತಿಂಗಳಿನಿಂದ. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಗುವಿದ್ದರೆ ಕನ್ನಡದಲ್ಲಿ ಬರೆಸಿಕೊಂಡು, ತೆಲುಗು ಬಲ್ಲವರಿಂದ ಅನುವಾದಿಸಿಕೊಂಡು ಹೋಗಬಹುದು.

ಎಕೋ ಚೀಟಿಯಲ್ಲಿ ಕಾಣುವ ಅಕ್ಷರಗಳ ಅರ್ಥ ಹೀಗಿದೆ: ಆರ್.ಎಚ್.ಡಿ. ಎಂದರೆ ರುಮ್ಯಾಟಿಕ್ ಹೃದ್ರೋಗ, ಎಂ.ಎಸ್. ಮೈಟ್ರಲ್ ಕವಾಟ ಕಿರಿದಾಗಿರುವುದು, ಎಂ.ಆರ್. ಅದು ಸೋರುತ್ತಿರುವುದು, ವಿ.ಎಸ್.ಡಿ. ಕೆಳಕೋಣೆಗಳ ನಡುವಣ ತೂತು, ಎ.ಎಸ್.ಡಿ. ಮೇಲಿನ ಕೋಣೆಗಳ ನಡುವಣ ತೂತು. ಇ.ಎಫ್. ಎಂದರೆ ತುಂಬಿದ ರಕ್ತದಲ್ಲಿ ಹೃದಯವು ಒಂದು ಬಡಿತಕ್ಕೆ ಶೇಕಡಾ ಎಷ್ಟನ್ನು ಹೊರದೂಡುತ್ತಿದೆ ಎಂಬ ಅಳತೆ. 55ರಿಂದ 70 ಇರುವುದು ಸಹಜ. 60 ಎಂದು ಕಂಡು 'ಮಗನ ಹೃದಯ ಅರವತ್ತು ಮಾರ್ಕು ಮಾತ್ರ ಪಡೆದಿದೆ' ಎಂದು ಕಣ್ಣೀರು ಹಾಕಿದ ತಂದೆಯೊಬ್ಬರು ನಮಗೆ ನೆನಪಿದ್ದಾರೆ. ಈ ಪರೀಕ್ಷೆಯಲ್ಲಿ ನೂರಕ್ಕೆ ನೂರು ಯಾರಿಗೂ ಬರುವುದಿಲ್ಲ.

ಹಿರಿಯರ ಹೃದಯ

ಹೃದಯದ ಸ್ನಾಯುವಿಗೂ ರಕ್ತ ಬೇಕು. ಅದನ್ನು ಒಯ್ಯುವ ನಾಳಗಳ ಒಳಗೋಡೆಯಲ್ಲಿ ಕೊಬ್ಬು ಕೂತು, ಒಂದು ದಿನ ಆ ಪದರ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ ಅದು ಹೃದಯಾಘಾತ. ಅರ್ಧ ಗಂಟೆಯೊಳಗೇ ಸ್ನಾಯು ಸಾಯತೊಡಗುತ್ತದೆ. ಸತ್ತ ಸ್ನಾಯು ಮರಳಿ ಬರುವುದಿಲ್ಲ, ಮುಂದೆ ಇ.ಎಫ್. ಇಳಿಯುವುದೂ ಇದರಿಂದಲೇ. ಎದೆಯ ನಡುವೆ ಬಂಡೆ ಇಟ್ಟಂಥ ಭಾರ, ಎಡಗೈಗೆ ಅಥವಾ ದವಡೆಗೆ ಹಬ್ಬುವ ನೋವು, ತಣ್ಣನೆಯ ಬೆವರು. ಹೆಂಗಸರಲ್ಲಿಯೂ ಸಕ್ಕರೆ ಕಾಯಿಲೆಯವರಲ್ಲಿಯೂ ನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ, ಏದುಸಿರು ಇರಬಹುದು. ನಮ್ಮ ಊರುಗಳಲ್ಲಿ ಇದಕ್ಕೆ ಇಟ್ಟಿರುವ ಹೆಸರು ಗ್ಯಾಸ್. ರಾತ್ರಿ ತಿಂದ ಬಜ್ಜಿಯನ್ನು ದೂರಿ ಸೋಡಾ ಕುಡಿದು ಬೆಳಗಾಗಲೆಂದು ಕಾಯುವುದರಲ್ಲಿ ಮುಖ್ಯವಾದ ಗಂಟೆಗಳು ಕಳೆದುಹೋಗುತ್ತವೆ. ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಮೊದಲ ಗಂಟೆಗಳಲ್ಲಿ ಕೊಟ್ಟಾಗ ಹೆಚ್ಚು ಫಲಕಾರಿ, 12 ಗಂಟೆಗಳ ನಂತರ ಅದರಿಂದ ಪ್ರಯೋಜನ ತೀರ ಕಡಿಮೆ. ಇ.ಸಿ.ಜಿ. ತೆಗೆಯುವ ಹತ್ತಿರದ ಸರ್ಕಾರಿ ಆಸ್ಪತ್ರೆಗೆ 108ರಲ್ಲಿ ಹೋಗುವುದು ಸರಿಯಾದ ದಾರಿ. ಬೈಕಿನ ಹಿಂದೆ ಕೂರಿಸಿಕೊಂಡು ಹೋಗಬಾರದು.

ನಟ ಪುನೀತ್ ರಾಜಕುಮಾರ್ 2021ರ ಅಕ್ಟೋಬರ್ 29ರಂದು 46ರ ವಯಸ್ಸಿನಲ್ಲಿ ತೀರಿಕೊಂಡಾಗ ಈ ಭಾಗದ ಕನ್ನಡ ಮನೆಗಳಲ್ಲಿಯೂ ಒಲೆ ಉರಿಯಲಿಲ್ಲ. ಆ ನಂತರ ಹೃದಯಾಘಾತ ಮತ್ತು ಹೃದಯಸ್ತಂಭನ ಎಂಬ ಎರಡು ಮಾತುಗಳನ್ನು ಜನ ಬೆರೆಸಿ ಬಳಸುತ್ತಿದ್ದಾರೆ. ಮೊದಲನೆಯದು ರಕ್ತನಾಳದ ತಡೆ, ರೋಗಿ ಮಾತಾಡುತ್ತಿರುತ್ತಾನೆ. ಎರಡನೆಯದು ಬಡಿತವೇ ನಿಲ್ಲುವುದು ಅಥವಾ ಅಸ್ತವ್ಯಸ್ತವಾಗುವುದು. ವ್ಯಕ್ತಿ ಕುಸಿದು ಬೀಳುತ್ತಾನೆ, ಉಸಿರಿರುವುದಿಲ್ಲ. ಆಗ 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ಎರಡೂ ಅಂಗೈಗಳಿಂದ ನಿಮಿಷಕ್ಕೆ 100ರಿಂದ 120 ಬಾರಿ, ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಲೇ ಇರಬೇಕು. ಒಂಬತ್ತು, ಹತ್ತನೆಯ ತರಗತಿಯ ಮಕ್ಕಳು ಇದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಲ್ಲರು.

ಬೀಡಿ, ಗುಟ್ಕಾ, ಏರಿದ ರಕ್ತದೊತ್ತಡ, ಸಕ್ಕರೆ ಕಾಯಿಲೆ ಇವೆಲ್ಲ ಗೊತ್ತಿರುವ ಕಾರಣಗಳೇ. ಉಪ್ಪಿನ ಬಗ್ಗೆ ಮಾತ್ರ ಒಂದು ಮಾತು: ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಎಂದರೆ ಒಂದು ಚಹಾ ಚಮಚೆಯಷ್ಟೂ ಇಲ್ಲ. ನಮ್ಮ ಉಪ್ಪಿನಕಾಯಿಯ ಊಟದಲ್ಲಿ ಅದು ಮಧ್ಯಾಹ್ನಕ್ಕೇ ಮುಗಿಯುತ್ತದೆ.

ಎಲ್ಲಿಗೆ ಹೋಗಬೇಕು

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ನಡೆಯುತ್ತಿದೆ. ಸರ್ಕಾರಿ ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ, ಅಂಗನವಾಡಿಯ ಮಕ್ಕಳನ್ನು ಎರಡು ಬಾರಿ ತಪಾಸಣೆ ಮಾಡಬೇಕು. ಹುಟ್ಟಿನ ಹೃದಯದೋಷವೂ ರುಮ್ಯಾಟಿಕ್ ಹೃದ್ರೋಗವೂ ಅದರ ಪಟ್ಟಿಯಲ್ಲಿವೆ. ತಂಡ ಶಾಲೆಗೆ ಬರುವ ದಿನ ಮಗುವನ್ನು ತಪ್ಪಿಸಬಾರದು. ಮುಂದಿನ ಪರೀಕ್ಷೆಗೆ ಕರ್ನೂಲಿನ ಸರ್ಕಾರಿ ಸಾರ್ವಜನಿಕ ಆಸ್ಪತ್ರೆಯಲ್ಲಿ ಹೃದ್ರೋಗ ವಿಭಾಗವಿದೆ. 2007ರಲ್ಲಿ ಆರೋಗ್ಯಶ್ರೀ ಎಂದು ಆರಂಭವಾಗಿ ಈಗ ಎನ್‌ಟಿಆರ್ ವೈದ್ಯಸೇವೆ ಎಂಬ ಹೆಸರಿನಲ್ಲಿರುವ ಯೋಜನೆಯಡಿ ಹೃದಯ ಶಸ್ತ್ರಚಿಕಿತ್ಸೆಗಳು ಸೇರಿವೆ. ತಿರುಪತಿಯಲ್ಲಿ ತಿ.ತಿ.ದೇ. 2021ರಲ್ಲಿ ತೆರೆದ ಶ್ರೀ ಪದ್ಮಾವತಿ ಮಕ್ಕಳ ಹೃದಯಾಲಯವಿದೆ. ಪುಟ್ಟಪರ್ತಿಯ ಶ್ರೀ ಸತ್ಯಸಾಯಿ ಆಸ್ಪತ್ರೆ 1991ರಿಂದ ಹಣ ಪಡೆಯದೆ ಚಿಕಿತ್ಸೆ ಕೊಡುತ್ತಿದೆ. ಅಲ್ಲಿ ಮತ್ತು ಅದರ ಬೆಂಗಳೂರಿನ ವೈಟ್‌ಫೀಲ್ಡ್ ಶಾಖೆಯಲ್ಲಿ ಯಾವ ರಾಜ್ಯದವರೆಂಬ ಪ್ರಶ್ನೆಯಿಲ್ಲ. ಭಾಷೆಯ ಸಲೀಸಿಗಾಗಿ ರಾಯಚೂರು, ಬಳ್ಳಾರಿ ಅಥವಾ ಬೆಂಗಳೂರು, ಕಲಬುರಗಿಗಳ ಜಯದೇವ ಆಸ್ಪತ್ರೆಗಳಿಗೆ ಹೋಗುವವರೂ ಇದ್ದಾರೆ. ಅಲ್ಲಿನ ವೈದ್ಯರೊಂದಿಗೆ ಮಾತಾಡುವುದು ಸುಲಭ, ನಿಜ. ಆದರೆ ಆಂಧ್ರದ ಪಡಿತರ ಚೀಟಿಗೆ ಅಲ್ಲಿ ಯಾವ ರಿಯಾಯಿತಿ ಸಿಗುತ್ತದೆಂದು ಮೊದಲೇ ವಿಚಾರಿಸಿಕೊಂಡು ಹೊರಡಬೇಕು.

ಇನ್ನು ಸುಗ್ಗಿಯ ವಲಸೆಯ ವಿಷಯ. ಹತ್ತಿ, ಮೆಣಸಿನಕಾಯಿ ಬಿಡಿಸಲು ಕುಟುಂಬಗಳು ಗುಂಟೂರಿನ ಕಡೆಗೂ ತೆಲಂಗಾಣಕ್ಕೂ ಹೊರಟಾಗ ಮಕ್ಕಳೂ ಹೋಗುತ್ತಾರೆ. ಪೆನಿಸಿಲಿನ್ ಪಡೆಯುತ್ತಿರುವ ಮಗುವಿಗೆ ಆ ಮೂರು ನಾಲ್ಕು ತಿಂಗಳಲ್ಲಿ ನಾಲ್ಕೈದು ಸೂಜಿಗಳು ತಪ್ಪುತ್ತವೆ. ಒಂದೇ ಗುಡಾರದಲ್ಲಿ ಹತ್ತು ಜನ ಮಲಗುವ ಕಡೆಯಲ್ಲಿಯೇ ಗಂಟಲಿನ ಸೋಂಕು ಬೇಗ ಹರಡುತ್ತದೆ. ಮಗುವನ್ನು ಊರಿನಲ್ಲಿ ಅಜ್ಜಿಯ ಬಳಿ ಅಥವಾ ವಸತಿನಿಲಯದಲ್ಲಿ ಬಿಟ್ಟುಹೋಗುವುದು ಒಳ್ಳೆಯದು. ಕರೆದೊಯ್ಯಲೇಬೇಕಾದರೆ ರೋಗದ ಹೆಸರು, ಔಷಧದ ಪ್ರಮಾಣ, ಕೊನೆಯ ಸೂಜಿಯ ದಿನಾಂಕ ಇರುವ ಚೀಟಿಯನ್ನು ಜೊತೆಗಿಟ್ಟುಕೊಂಡು, ಹೋದ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಬೇಕು. ಮೇಲೆ ಹೇಳಿದ ಬಾಲಕಿಗೆ ಬಲೂನ್ ಚಿಕಿತ್ಸೆಯಾಗಿದೆ, ಆಕೆ ಈಗ ಇಂಟರ್ ಓದುತ್ತಿದ್ದಾಳೆ. ಅವಳ ತಾಯಿ ಗೋಡೆಯ ಕ್ಯಾಲೆಂಡರಿನಲ್ಲಿ 21 ದಿನಗಳಿಗೊಮ್ಮೆ ಕೆಂಪು ಸುತ್ತು ಹಾಕಿಡುತ್ತಾಳೆ. ಸುಗ್ಗಿಗೆ ಹೊರಡುವಾಗ ಆ ಕ್ಯಾಲೆಂಡರನ್ನೂ ಗಂಟಿನಲ್ಲಿ ಕಟ್ಟಿಕೊಂಡು ಹೋಗುತ್ತಾಳೆ.